ಗಲ್ಫಿನ ಕೆಲಸ ಅಲುಗಾಡತೊಡಗಿದಾಗ ಏನೇನು ಮಾಡಬೇಕು

ಶಾರ್ಜಾದಲ್ಲಿರುವ ನನ್ನ ಅಕ್ಕನ ಮಗ ಮೊನ್ನೆ ರಾತ್ರಿ ಫೋನ್ ಮಾಡಿದ. "ಮಾವ, ಎರಡು ತಿಂಗಳಿಂದ ಓವರ್‌ಟೈಮ್ ಇಲ್ಲ. ಹೊಸ ಸೈಟ್ ಬರ್ತದೆ ಬರ್ತದೆ ಅಂತ ಹೇಳ್ತಾರೆ, ಬಂದದ್ದು ಕಾಣೆ. ಸಂಬಳ ಹತ್ತು ದಿನ ತಡ. ನನ್ನ ರೂಮಿನ ಇಬ್ಬರನ್ನು ರಜೆಯ ಮೇಲೆ ಕಳಿಸಿದ್ದಾರೆ, ವಾಪಸ್ ಕರೆಯುವ ಸುದ್ದಿಯೇ ಇಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಮನೆಯಲ್ಲಿ ಹೇಳ್ಬೇಡಿ."

ಆ ಕೊನೆಯ ಮಾತಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಕಟಪಾಡಿಯವ. ಹದಿನೆಂಟು ವರ್ಷ ಗಲ್ಫಿನಲ್ಲಿದ್ದೆ. ಮೊದಲು ಟೈಮ್‌ಕೀಪರ್, ಆಮೇಲೆ ಕಾಂಟ್ರಾಕ್ಟಿಂಗ್ ಕಂಪನಿಯೊಂದರ ಆಫೀಸಿನಲ್ಲಿ ಕೆಲಸಗಾರರ ಕಡತ ನೋಡಿಕೊಳ್ಳುವ ಗುಮಾಸ್ತ. ಕೆಲಸದಿಂದ ತೆಗೆಯುವ ಪತ್ರಗಳನ್ನು ಟೈಪ್ ಮಾಡಿ ಜನರ ಕೈಗೆ ಕೊಟ್ಟವನು ನಾನು. 2009ರಲ್ಲಿ ದುಬೈಯ ಕಟ್ಟಡ ಕೆಲಸಗಳು ಒಂದೊಂದಾಗಿ ನಿಂತಾಗ ಅಂಥದೇ ಪತ್ರ ನನ್ನ ಹೆಸರಿಗೂ ಬಂತು. ಆರು ವಾರ ಮನೆಗೆ ಹೇಳಲಿಲ್ಲ. ಕ್ರೆಡಿಟ್ ಕಾರ್ಡಿನಿಂದ ಹಣ ತೆಗೆದು, ಸಂಬಳ ಎಂದು ಊರಿಗೆ ಕಳಿಸಿದೆ. ಆಮೇಲೆ ಬೇರೆ ಕಡೆ ಕೆಲಸ ಸಿಕ್ಕಿತು, ನಿಜ. ಆದರೆ ಆ ಎರಡು ಕಂತಿನ ಹಣ ಬಡ್ಡಿ ಸೇರಿ ತೀರಲು ಹದಿನಾಲ್ಕು ತಿಂಗಳು ಹಿಡಿಯಿತು. ನಾನು ಮಾಡಿದ ಆ ತಪ್ಪನ್ನು ನಮ್ಮ ಬದಿಯ ಹುಡುಗರು ಮಾಡಬಾರದು.

ಮೊದಲ ಹೆಜ್ಜೆ: ಲಕ್ಷಣ ಕಂಡ ವಾರವೇ ಕಾಗದ ಕೂಡಿಸಿ

ಕಂಪನಿ ಕುಸಿಯುವ ಮೊದಲು ಗುರುತು ಕೊಡುತ್ತದೆ. ಓವರ್‌ಟೈಮ್ ನಿಲ್ಲುತ್ತದೆ. ಸಂಬಳದ ದಿನಾಂಕ ಜಾರುತ್ತದೆ. ವೀಸಾ ನವೀಕರಣ "ಮುಂದಿನ ವಾರ" ಎಂದು ಮುಂದೆ ಹೋಗುತ್ತದೆ. ಸಾಮಾನು ಕೊಡುವ ಅಂಗಡಿಯವರು ಆಫೀಸಿನ ರಿಸೆಪ್ಷನ್‌ನಲ್ಲಿ ಬಂದು ಕೂರುತ್ತಾರೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಕೆಲಸ ಹೋಗಿಯೇ ಹೋಗುತ್ತದೆಂದು ಹೇಳಲಾಗದು. ಆದರೆ ಕಾಗದ ಕೂಡಿಸಲು ಅಷ್ಟು ಸಾಕು.

ಯಾವ ಕಾಗದ? ಸಹಿ ಮಾಡಿದ ಕರಾರು ಪತ್ರ ಮೊದಲನೆಯದು. ಊರಿನಲ್ಲಿ ಏಜೆಂಟ್ ತೋರಿಸಿದ ಆಫರ್ ಲೆಟರ್ ಬೇರೆ, ಅಲ್ಲಿನ ಸರ್ಕಾರದಲ್ಲಿ ನೋಂದಣಿಯಾದ ಕರಾರು ಬೇರೆ. ಎಣಿಕೆಗೆ ಬರುವುದು ಎರಡನೆಯದು. ಯುಎಇಯಲ್ಲಿರುವವರು ಕಾರ್ಮಿಕ ಸಚಿವಾಲಯದ ಆಪ್‌ನಲ್ಲಿ, ಸೌದಿಯವರು ಅಲ್ಲಿನ ಸರ್ಕಾರದ ಕಿವಾ ಪೋರ್ಟಲ್‌ನಲ್ಲಿ ತಮ್ಮ ಕರಾರನ್ನು ನೋಡಿಕೊಳ್ಳಬಹುದು. ಅದರಲ್ಲಿ ಬೇಸಿಕ್ ಅಂದರೆ ಮೂಲ ವೇತನ ಎಷ್ಟು, ಅಲೋಯನ್ಸ್ ಅಂದರೆ ಭತ್ಯೆ ಎಷ್ಟು ಎಂದು ಬರೆದಿಡಿ. ಒಟ್ಟು ನಾಲ್ಕು ಸಾವಿರ ಸಂಬಳ ಇದ್ದವರ ಬೇಸಿಕ್ ಒಂದೂವರೆ ಸಾವಿರ ಮಾತ್ರ ಇರುವುದನ್ನು ನಾನು ಎಷ್ಟೋ ಕಡತಗಳಲ್ಲಿ ಕಂಡಿದ್ದೇನೆ. ಸೆಟ್ಲ್‌ಮೆಂಟಿನ, ಅಂದರೆ ಕೆಲಸ ಬಿಡುವಾಗಿನ ಲೆಕ್ಕ ಚುಕ್ತಾದ, ದಿನವೇ ಅದು ಅವರಿಗೆ ಮೊದಲ ಸಲ ತಿಳಿಯುತ್ತಿತ್ತು.

ಆಮೇಲೆ ಒಂದು ವರ್ಷದ ಪೇ ಸ್ಲಿಪ್, ಸಂಬಳ ಬೀಳುವ ಖಾತೆಯ ಸ್ಟೇಟ್‌ಮೆಂಟ್, ಉಳಿದಿರುವ ರಜೆಯ ಲೆಕ್ಕ, ಓವರ್‌ಟೈಮ್ ಹಾಳೆಯ ಫೋಟೋ, ಪಾಸ್‌ಪೋರ್ಟ್, ವೀಸಾ, ಇಖಾಮಾ (ವಾಸದ ಪರವಾನಗಿ) ಅಥವಾ ಎಮಿರೇಟ್ಸ್ ಐಡಿಯ ಪ್ರತಿ. ಸಂಬಳ ತಡವಾದದ್ದಕ್ಕೆ ಮೇಲಿನವರು ವಾಟ್ಸಾಪಿನಲ್ಲಿ ಕೊಟ್ಟ ಉತ್ತರಗಳನ್ನೂ ತೆಗೆದಿಡಿ. ಎಲ್ಲವನ್ನೂ ಸ್ವಂತ ಇಮೇಲಿಗೆ ಕಳಿಸಿ. ಕಂಪನಿಯ ಇಮೇಲ್ ಪತ್ರ ಕೊಟ್ಟ ದಿನವೇ ಮುಚ್ಚಿಹೋಗುತ್ತದೆ. ಕಂಪನಿಯ ಟೆಂಡರ್, ಗಿರಾಕಿಗಳ ಪಟ್ಟಿಯಂಥದ್ದನ್ನು ಮಾತ್ರ ಮುಟ್ಟಬೇಡಿ. ಅದು ನಿಮ್ಮ ಮೇಲೆಯೇ ಕೇಸಿಗೆ ದಾರಿ. ಪಾಸ್‌ಪೋರ್ಟ್ ಕಂಪನಿಯ ಬೀರುವಿನಲ್ಲಿದ್ದರೆ ಈಗಲೇ ಕೇಳಿ ಪಡೆಯಿರಿ. ಕೆಲಸಗಾರರ ಪಾಸ್‌ಪೋರ್ಟ್ ಹಿಡಿದಿಡುವುದು ಅಲ್ಲಿನ ಕಾನೂನಿಗೂ ವಿರುದ್ಧ.

ಕಾಗದದ ಬೆಲೆ ಏನೆಂದು ನಮ್ಮ ಊರಿನ ಹಿರಿಯರಿಗೆ ಗೊತ್ತು. 1990ರ ಆಗಸ್ಟಿನಲ್ಲಿ ಇರಾಕ್ ಸೈನ್ಯ ಕುವೈತಿಗೆ ನುಗ್ಗಿದಾಗ ಸುಮಾರು 1,70,000 ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ದಾರಿಯಾಗಿ ವಿಮಾನದಲ್ಲಿ ಕರೆತಂದರು. ನಮ್ಮ ಕರಾವಳಿಯವರೂ ಅದರಲ್ಲಿದ್ದರು, ಉಟ್ಟ ಬಟ್ಟೆಯಲ್ಲಿ ಬಂದವರು. ವರ್ಷಗಳ ನಂತರ ವಿಶ್ವಸಂಸ್ಥೆಯ ಪರಿಹಾರ ಆಯೋಗ ಹಣ ಕೊಟ್ಟಾಗ ಕೇಳಿದ್ದು ಕುವೈತಿನಲ್ಲಿ ಇದ್ದದ್ದಕ್ಕೆ, ಅಲ್ಲಿಂದ ಹೊರಟದ್ದಕ್ಕೆ ಆಧಾರವನ್ನು.

ಎರಡನೆಯದು: ಬರಬೇಕಾದ ಹಣವನ್ನು ನೀವೇ ಲೆಕ್ಕ ಹಾಕಿ

ಆಫೀಸಿನವರು ಕೊಟ್ಟ ಲೆಕ್ಕ ಸರಿ ಇದೆಯೇ ಎಂದು ತಿಳಿಯಬೇಕಾದರೆ ನಿಮ್ಮ ಕೈಯಲ್ಲಿ ಇನ್ನೊಂದು ಲೆಕ್ಕ ಇರಬೇಕು.

ಯುಎಇಯಲ್ಲಿ ಈಗ ನಡೆಯುತ್ತಿರುವುದು 2022ರ ಫೆಬ್ರವರಿ 2ರಿಂದ ಜಾರಿಗೆ ಬಂದ ಕಾರ್ಮಿಕ ಕಾನೂನು. ಒಂದು ವರ್ಷ ಪೂರೈಸಿದವನಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೊಡುವ ಇಡಿಗಂಟು, ಉಂಟು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಒಟ್ಟು ಎರಡು ವರ್ಷದ ಸಂಬಳ ಮೀರುವಂತಿಲ್ಲ. 3,000 ದಿರ್ಹಮ್ ಬೇಸಿಕ್‌ನಲ್ಲಿ ಎಂಟು ವರ್ಷ ದುಡಿದವನ ಲೆಕ್ಕ ನೋಡಿ: ದಿನಕ್ಕೆ 100. ಮೊದಲ ಐದು ವರ್ಷಕ್ಕೆ 105 ದಿನ, 10,500. ಉಳಿದ ಮೂರು ವರ್ಷಕ್ಕೆ 90 ದಿನ, 9,000. ಒಟ್ಟು 19,500. ಇದಲ್ಲದೆ ಬಾಕಿ ಸಂಬಳ, ತೆಗೆದುಕೊಳ್ಳದ ರಜೆಯ ಹಣ, ನೋಟಿಸ್ ಅವಧಿಯ ಸಂಬಳ ಬೇರೆ. ನೋಟಿಸ್ 30 ದಿನಕ್ಕೆ ಕಡಿಮೆ ಇಲ್ಲ, 90ಕ್ಕೆ ಹೆಚ್ಚಿಲ್ಲ. ನಿಮ್ಮ ಕರಾರಿನಲ್ಲಿ ಎಷ್ಟೆಂದು ನೋಡಿ. ಕರಾರು ಮುಗಿದ 14 ದಿನದೊಳಗೆ ಎಲ್ಲ ಹಣ ಕೊಡಬೇಕು. ಡಿಐಎಫ್‌ಸಿ, ಎಡಿಜಿಎಂ ಎಂಬ ಎರಡು ಹಣಕಾಸು ವಲಯಗಳಿಗೂ ಮನೆಗೆಲಸದವರು, ಮನೆ ಡ್ರೈವರುಗಳಿಗೂ ಕಾನೂನು ಬೇರೆ ಇದೆ.

ಸೌದಿಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. 3,000 ರಿಯಾಲಿನ ಮೇಲೆ ಎಂಟು ವರ್ಷಕ್ಕೆ 16,500 ಆಗುತ್ತದೆ. ಅಲ್ಲೊಂದು ಗುಂಡಿ ಇದೆ. ಕಂಪನಿ ತೆಗೆದರೆ ಪೂರ್ತಿ. ನೀವೇ ರಾಜೀನಾಮೆ ಕೊಟ್ಟರೆ ಎರಡರಿಂದ ಐದು ವರ್ಷದವರಿಗೆ ಮೂರನೇ ಒಂದು ಪಾಲು, ಐದರಿಂದ ಹತ್ತರವರೆಗೆ ಮೂರನೇ ಎರಡು ಪಾಲು, ಹತ್ತು ದಾಟಿದರೆ ಮಾತ್ರ ಪೂರ್ತಿ. ಎಂಟು ವರ್ಷದವನ 16,500 ಒಂದು ಸಹಿಯಲ್ಲಿ 11,000ಕ್ಕೆ ಇಳಿಯಿತು. ಕುವೈತಿನಲ್ಲಿಯೂ ಹೀಗೆಯೇ, ಹತ್ತು ವರ್ಷದೊಳಗೆ ತಾನಾಗಿ ಬಿಟ್ಟವನ ಹಣ ಕಡಿತವಾಗುತ್ತದೆ. ತಿಂಗಳ ಸಂಬಳದವನಿಗೆ ಅಲ್ಲಿ ನೋಟಿಸ್ ಮೂರು ತಿಂಗಳು. ಕತಾರಿನಲ್ಲಿ ವರ್ಷಕ್ಕೆ ಕನಿಷ್ಠ ಮೂರು ವಾರದ ಬೇಸಿಕ್. ಬಹರೈನ್‌ನಲ್ಲಿ 2024ರ ಮಾರ್ಚಿನಿಂದ ಕಂಪನಿ ಈ ಹಣವನ್ನು ತಿಂಗಳು ತಿಂಗಳು ಅಲ್ಲಿನ ಸಾಮಾಜಿಕ ವಿಮಾ ಸಂಸ್ಥೆಗೆ ಕಟ್ಟಬೇಕು, ಮೊದಲ ಮೂರು ವರ್ಷ ಸಂಬಳದ 4.2 ಶೇಕಡಾ, ಆಮೇಲೆ 8.4. ಹಾಗಾಗಿ ಅಲ್ಲಿರುವವರು ತಮ್ಮ ಹೆಸರಿಗೆ ಕಟ್ಟಿದ್ದಾರೋ ಇಲ್ಲವೋ ಎಂದು ಈಗಲೇ ನೋಡಿಕೊಳ್ಳಬೇಕು.

ಯುಎಇಯವರಿಗೆ ಇನ್ನೊಂದು ಆಸರೆ ಇದೆ, ಅದನ್ನು ಮರೆಯುವವರೇ ಹೆಚ್ಚು. 2023ರ ಜನವರಿಯಿಂದ ಕೆಲಸ ನಷ್ಟದ ವಿಮೆ ಕಡ್ಡಾಯ. ಬೇಸಿಕ್ 16,000 ದಿರ್ಹಮ್ ತನಕ ಇದ್ದವರಿಗೆ ತಿಂಗಳಿಗೆ 5 ದಿರ್ಹಮ್, ಅದಕ್ಕಿಂತ ಮೇಲಿದ್ದವರಿಗೆ 10. ಸತತ 12 ತಿಂಗಳು ಕಟ್ಟಿದವರ ಕೆಲಸ ಹೋದರೆ ಬೇಸಿಕ್‌ನ 60 ಶೇಕಡಾ ಹಣ, ಹೆಚ್ಚೆಂದರೆ ಮೂರು ತಿಂಗಳು ಬರುತ್ತದೆ. 3,000 ಬೇಸಿಕ್‌ನವನಿಗೆ ತಿಂಗಳಿಗೆ 1,800. ಶೇರಿಂಗ್ ರೂಮಿನ ಬಾಡಿಗೆಗೂ ಊಟಕ್ಕೂ ಅದು ದೊಡ್ಡ ಮೊತ್ತ. ಕೆಲಸ ಹೋದ 30 ದಿನದೊಳಗೆ ಅರ್ಜಿ ಹಾಕಬೇಕು. ರಾಜೀನಾಮೆ ಕೊಟ್ಟವರಿಗೆ, ಶಿಸ್ತಿನ ಕಾರಣಕ್ಕೆ ತೆಗೆಯಲ್ಪಟ್ಟವರಿಗೆ ಇಲ್ಲ. ದೇಶ ಬಿಟ್ಟು ಬಂದರೆ ಅಥವಾ ಹೊಸ ಕೆಲಸ ಸಿಕ್ಕರೆ ನಿಲ್ಲುತ್ತದೆ. ಅಕ್ಕನ ಮಗನನ್ನು ಕೇಳಿದೆ, ಕಂತು ಕಟ್ಟಿದ್ದೀಯಾ ಎಂದು. "ಮೊದಲ ವರ್ಷ ಕಟ್ಟಿದ್ದೆ" ಎಂದ. ಆ ರಾತ್ರಿಯೇ ಕಟ್ಟಿಸಿದೆ.

ಮೂರನೆಯದು: ಮನೆಗೆ ಹೇಳಿ, ಪತ್ರ ಬರುವ ಮೊದಲೇ

ಕಾನೂನಿಗಿಂತ ಕಷ್ಟದ ಹೆಜ್ಜೆ ಇದು.

ರಜೆಯಲ್ಲಿ ಊರಿಗೆ ಬಂದವನನ್ನು ನಮ್ಮವರು ತುಳುವಿನಲ್ಲಿ ಕೇಳುವುದು ಎರಡೇ ಪ್ರಶ್ನೆ: "ಏಪ ಬತ್ತಿನಿ? ಏಪ ಪೋಪಿನಿ?" ಯಾವಾಗ ಬಂದದ್ದು, ಯಾವಾಗ ಹೋಗುವುದು. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಹೋಗುವ ದಿನಾಂಕ ಇಲ್ಲದವನ ಎದೆಗೆ ಎರಡನೆಯ ಪ್ರಶ್ನೆ ಚುಚ್ಚುತ್ತದೆ. ಬಸ್‌ಸ್ಟ್ಯಾಂಡಿಗೆ ಹೋಗದೆ, ಮದುವೆಗೆ ಹೋಗದೆ ಮನೆಯೊಳಗೇ ಉಳಿದ ಗಂಡಸರನ್ನು ನಾನು ಬಲ್ಲೆ. ಕುವೈತಿನಿಂದ ಬರಿಗೈಯಲ್ಲಿ ಬಂದವರನ್ನು ಯಾರೂ ಹೀಗೆ ನೋಡಲಿಲ್ಲ. 2020ರ ಮೇ ತಿಂಗಳಲ್ಲಿ ಕೊರೋನಾ ಕಾಲದ ವಂದೇ ಭಾರತ್ ವಿಮಾನದಲ್ಲಿ ದುಬೈಯಿಂದ ಬಜ್ಪೆಗೆ ಇಳಿದವರನ್ನೂ ನೋಡಲಿಲ್ಲ. ಊರಿಗೆ ಊರೇ ಕಾರಣ ತಿಳಿದಿತ್ತು. ಒಬ್ಬನೇ ಬಂದಾಗ ಮಾತ್ರ ಅದು ಅವನ ತಪ್ಪಿನಂತೆ ಕಾಣುತ್ತದೆ. ಕಂಪನಿ ಮುಳುಗಿದ್ದು ಅವನಿಂದ ಅಲ್ಲ ಎಂದು ಹೇಳಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ.

ಆದ್ದರಿಂದ ಮೊದಲು ಹೆಂಡತಿಗೆ ಹೇಳಿ. ಮದುವೆಯಾಗದವರು ಅಪ್ಪನಿಗೋ ಅಣ್ಣನಿಗೋ. "ಕೆಲಸ ಹೋಗುವ ಹಾಗೆ ಕಾಣ್ತದೆ, ಇನ್ನೂ ಹೋಗಿಲ್ಲ. ಮೂರು ತಿಂಗಳಿಗೆ ಬೇಕಾದದ್ದು ಲೆಕ್ಕ ಮಾಡುವ" ಎಂದರೆ ಸಾಕು. ಮಾತಾಡುವಾಗ ಕೈಯಲ್ಲೊಂದು ಹಾಳೆ ಇರಲಿ. ಒಂದು ಬದಿಯಲ್ಲಿ ನಿಲ್ಲಿಸಲಾಗದ ಖರ್ಚು: ಅಡುಗೆಮನೆ, ಅಪ್ಪ ಅಮ್ಮನ ಮದ್ದು, ಶಾಲೆಯ ಫೀಸು, ಮನೆ ಸಾಲದ ಕಂತು, ಕರೆಂಟು. ಇನ್ನೊಂದು ಬದಿಯಲ್ಲಿ ಮುಂದೆ ಹಾಕಬಹುದಾದದ್ದು: ಮೇಲಿನ ಮಹಡಿಯ ಕೆಲಸ, ಇಂಟರ್‌ಲಾಕ್, ಹೊಸ ಚಿಟ್ ಫಂಡ್, ಕಾರು ಬದಲಾಯಿಸುವುದು. ದೈವಸ್ಥಾನದ ಜೀರ್ಣೋದ್ಧಾರಕ್ಕೆ, ಬ್ರಹ್ಮಕಲಶಕ್ಕೆ ಒಪ್ಪಿಕೊಂಡ ದೇಣಿಗೆಯನ್ನೂ ಇದೇ ಬದಿಯಲ್ಲಿ ಬರೆಯಿರಿ. ಸಮಿತಿಯವರಿಗೆ "ಈ ವರ್ಷ ಆಗುವುದಿಲ್ಲ, ಮುಂದಿನ ವರ್ಷ" ಎಂದು ಹೇಳಿದರೆ ದೈವ ಮುನಿಯುವುದಿಲ್ಲ. ನಾನು ಹೇಳಿದ್ದೇನೆ, ಸಮಿತಿಯ ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈಯಿಟ್ಟು, "ಮೊದಲು ನೀನು ಸುಧಾರಿಸು" ಎಂದರು.

ಮನೆ ಸಾಲದ ಕಂತು ತಪ್ಪುವ ಮೊದಲು ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಜೊತೆ ಮಾತಾಡಬೇಕು. ಕಂತು ಇಳಿಸಿ ಅವಧಿ ಹೆಚ್ಚಿಸುವ ಮಾತು ಖಾತೆ ಸರಿ ಇರುವಾಗ ನಡೆಯುತ್ತದೆ, ಮೂರು ಕಂತು ತಪ್ಪಿದ ಮೇಲೆ ಕಷ್ಟ. ಗಂಡ ಅಲ್ಲಿದ್ದಾನೆ, ಹೆಂಡತಿ ಇಲ್ಲಿದ್ದಾಳೆ ಎಂದಾದರೆ ಅವಳೇ ಹೋಗಲಿ, ಸಾಲದ ಕಾಗದ ಹಿಡಿದು. ಚಿನ್ನ ಅಡ ಇಡುವ ಯೋಚನೆ ಇದ್ದರೆ ಅದು ಬಡ್ಡಿ ಕಡಿಮೆಯ ಬ್ಯಾಂಕಿನಲ್ಲಾಗಲಿ.

ಮಕ್ಕಳಿಗೂ ವಯಸ್ಸಿಗೆ ತಕ್ಕಷ್ಟು ತಿಳಿಸಿ. ಕುಟುಂಬ ಅಲ್ಲೇ ಇದ್ದರೆ ಶಾಲೆಯ ವಿಷಯ ಮುಖ್ಯ: ಸಿಬಿಎಸ್‌ಇಯಲ್ಲಿ 10 ಮತ್ತು 12ನೇ ತರಗತಿಯ ಪರೀಕ್ಷೆಗೆ ಹಿಂದಿನ ವರ್ಷವೇ ನೋಂದಣಿಯಾಗಿರುತ್ತದೆ, ನಡುವೆ ಶಾಲೆ ಬದಲಿಸುವುದು ಸುಲಭವಲ್ಲ. ಆ ತರಗತಿಯ ಮಗು ಇದ್ದರೆ ಯಾರು ಮೊದಲು ಬರಬೇಕು, ಯಾರು ಉಳಿಯಬೇಕು ಎಂದು ಈಗಲೇ ಯೋಚಿಸಿ.

ನಾಲ್ಕನೆಯದು: ಅಲ್ಲಿನ ಸಾಲ

ಹೊಸ ಸಾಲ ಬೇಡ. ಇದ್ದ ಕ್ರೆಡಿಟ್ ಕಾರ್ಡನ್ನು ಊರಿಗೆ ಹಣ ಕಳಿಸಲು ಬಳಸುವುದು ಬೇಡವೇ ಬೇಡ. "ವಿಮಾನ ಹತ್ತಿದರೆ ಮುಗಿಯಿತು" ಎಂದು ಹೇಳುವವರು ಎಲ್ಲ ಕ್ಯಾಂಪಿನಲ್ಲೂ ಇರುತ್ತಾರೆ. ಮುಗಿಯುವುದಿಲ್ಲ. 2020ರ ಜನವರಿಯಲ್ಲಿ ಭಾರತ ಸರ್ಕಾರ ಹೊರಡಿಸಿದ ಅಧಿಸೂಚನೆಯಿಂದ ಯುಎಇಯ ಸಿವಿಲ್ ನ್ಯಾಯಾಲಯಗಳ ತೀರ್ಪನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದ ಮೂಲಕ ಜಾರಿ ಮಾಡಿಸಲು ಬರುತ್ತದೆ. ಮಂಗಳೂರಿನ ಫ್ಲ್ಯಾಟ್‌ಗೂ ಅದರ ಕೈ ನಿಲುಕುತ್ತದೆ. ಅಲ್ಲೇ ಇದ್ದರೆ ಸಾಲದ ಕೇಸಿನಿಂದ ಪ್ರಯಾಣ ನಿಷೇಧ ಬಿದ್ದು ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ಸೆಟ್ಲ್‌ಮೆಂಟ್ ಹಣ ಖಾತೆಗೆ ಬಿದ್ದ ಕೂಡಲೇ ಬ್ಯಾಂಕ್ ಅದನ್ನು ಸಾಲಕ್ಕೆ ಹಿಡಿದಿಡುವುದೂ ಉಂಟು. ಆದ್ದರಿಂದ ಕೆಲಸ ಹೋಗುವ ಮೊದಲೇ ಬ್ಯಾಂಕಿಗೆ ಹೋಗಿ ಕಂತು ಮುಂದೂಡಲು, ಇಳಿಸಲು ಕೇಳಿ. ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ. ನಿಮ್ಮ ಹೆಸರಲ್ಲಿ ಸ್ನೇಹಿತ ತೆಗೆದ ಸಾಲ, ನೀವು ಜಾಮೀನು ನಿಂತ ಸಾಲ ಇದ್ದರೆ ಅದೂ ನಿಮ್ಮದೇ.

ಐದನೆಯದು: ಪತ್ರ ಕೈಗೆ ಬಂದ ದಿನ

ಮೇಜಿನ ಆ ಬದಿಯಲ್ಲಿ ಕುಳಿತವನಾಗಿ ಹೇಳುತ್ತೇನೆ. ಆ ದಿನ ಕಂಪನಿಗೆ ಅವಸರ ಇರುತ್ತದೆ. ಒಟ್ಟಿಗೆ ನಾಲ್ಕೈದು ಕಾಗದ ಮುಂದಿಟ್ಟು "ಇಲ್ಲಿ, ಇಲ್ಲಿ, ಇಲ್ಲಿ" ಎಂದು ಬೆರಳು ತೋರಿಸುತ್ತಾರೆ. ನಿಮಗೆ ಅವಸರ ಬೇಡ. "ಓದಿ ನಾಳೆ ಕೊಡುತ್ತೇನೆ" ಎನ್ನಿ. ಫೋಟೋ ತೆಗೆದುಕೊಳ್ಳಿ. ಪತ್ರ ತಲುಪಿದ್ದಕ್ಕೆ ಮಾತ್ರ ಸಹಿ ಮಾಡಿ, ಸಹಿಯ ಪಕ್ಕದಲ್ಲಿ ದಿನಾಂಕ ಬರೆಯಿರಿ. ಅರಬ್ಬಿಯಲ್ಲಿದ್ದರೆ ಓದಬಲ್ಲವರಿಗೆ ತೋರಿಸಿ. ಅರಬ್ಬಿಗೂ ಇಂಗ್ಲಿಷಿಗೂ ವ್ಯತ್ಯಾಸ ಬಂದರೆ ನ್ಯಾಯಾಲಯ ಒಪ್ಪುವುದು ಅರಬ್ಬಿಯನ್ನು.

ಎರಡು ಕಾಗದಕ್ಕೆ ವಿಶೇಷ ಎಚ್ಚರ. ಒಂದು, ರಾಜೀನಾಮೆ. "ರಾಜೀನಾಮೆ ಅಂತ ಬರೆದರೆ ನಿನ್ನ ಹೆಸರು ಚಂದ ಇರ್ತದೆ, ಮುಂದೆ ಕೆಲಸ ಸಿಗ್ತದೆ" ಎಂದು ಸಮಾಧಾನದ ದನಿಯಲ್ಲಿ ಹೇಳುತ್ತಾರೆ. ಅದಕ್ಕೆ ಏನು ಬೆಲೆ ಎಂದು ಮೇಲೆ ಲೆಕ್ಕ ನೋಡಿದಿರಿ: ಸೌದಿಯಲ್ಲಿ 5,500 ರಿಯಾಲ್, ಯುಎಇಯಲ್ಲಿ ಮೂರು ತಿಂಗಳ ವಿಮೆ. ಎರಡು, "ಎಲ್ಲ ಬಾಕಿ ಸಂದಾಯವಾಗಿದೆ" ಎಂಬ ಕಾಗದ. ಹಣ ಖಾತೆಗೆ ಬಿದ್ದ ಮೇಲೆ ಅದಕ್ಕೆ ಸಹಿ. ಹಣ ಬರುವ ಮೊದಲು ಸಹಿ ಮಾಡಿದವರು ಆಮೇಲೆ ನನ್ನ ಮೇಜಿನ ಮುಂದೆ ಬಂದು ನಿಂತಾಗ ನನ್ನಿಂದ ಏನೂ ಮಾಡಲಾಗಲಿಲ್ಲ. ಅವರಲ್ಲೊಬ್ಬರ ಮುಖ ಈಗಲೂ ನೆನಪಿದೆ.

ಯುಎಇಯಲ್ಲಿ ಕಂಪನಿಯೇ ನೋಟಿಸ್ ಕೊಟ್ಟಿದ್ದರೆ ಆ ಅವಧಿಯಲ್ಲಿ ವಾರಕ್ಕೊಂದು ದಿನ, ಸಂಬಳವಿಲ್ಲದೆ, ಬೇರೆ ಕೆಲಸ ಹುಡುಕಲು ರಜೆ ಕೇಳುವ ಹಕ್ಕಿದೆ. ಸೇವಾ ಪತ್ರ ಕೊಡಲೇಬೇಕು. ಬೇರೆ ಕಂಪನಿಗೆ ಸೇರದೆ ಊರಿಗೆ ಮರಳುವವರ ಟಿಕೆಟ್ ಕೂಡ ಸಾಮಾನ್ಯವಾಗಿ ಕಂಪನಿಯದು.

ಆರನೆಯದು: ಹಣ ಕೊಡದಿದ್ದರೆ

ದೂರು ಕೊಟ್ಟರೆ ಬ್ಯಾನ್ ಬೀಳುತ್ತದೆಂದು ಹೆದರಿ ಜನ ತಿಂಗಳುಗಟ್ಟಲೆ ಕಾಯುತ್ತಾರೆ. ಕಾಯುತ್ತಾ ವೀಸಾ ಮುಗಿಯುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಎರಡು ತಿಂಗಳ ಸಂಬಳ ಬಾರದಿದ್ದರೆ ಮೂರನೆಯದಕ್ಕೆ ಕಾಯಬೇಡಿ. ಯುಎಇಯಲ್ಲಿ ಕಾರ್ಮಿಕ ಸಚಿವಾಲಯಕ್ಕೆ ಆಪ್ ಮೂಲಕವೇ ದೂರು ಹೋಗುತ್ತದೆ. 50,000 ದಿರ್ಹಮ್ ತನಕದ ತಗಾದೆಯನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸುತ್ತದೆ. ಕೋರ್ಟಿಗೆ ಹೋದರೂ 1,00,000 ದಿರ್ಹಮ್ ತನಕ ಕೆಲಸಗಾರನಿಗೆ ಶುಲ್ಕ ಇಲ್ಲ. ಸೌದಿಯಲ್ಲಿ ಮೊದಲು ಸಂಧಾನ, ಒಪ್ಪದಿದ್ದರೆ ಕಾರ್ಮಿಕ ನ್ಯಾಯಾಲಯ. ಕೆಲಸ ಬಿಟ್ಟ 12 ತಿಂಗಳೊಳಗೆ ದೂರು ಆಗಬೇಕು. ಕತಾರಿನಲ್ಲಿ ಕಂಪನಿ ದಿವಾಳಿಯಾದಾಗ ಕೆಲಸಗಾರರ ಬಾಕಿ ಕೊಡಲೆಂದೇ ಸರ್ಕಾರದ ನಿಧಿಯೊಂದಿದೆ.

ಒಂದು ಮಾತು: ಸಿಟ್ಟಿನಲ್ಲಿ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಬೇಡಿ. ಕಂಪನಿ "ಓಡಿಹೋದ" ಎಂದು ವರದಿ ಕೊಟ್ಟರೆ, ಸೌದಿಯವರು ಹುರೂಬ್ ಎನ್ನುವುದು ಅದನ್ನೇ, ನ್ಯಾಯ ನಿಮ್ಮ ಬದಿಯಲ್ಲಿದ್ದರೂ ಕಾಗದದಲ್ಲಿ ನೀವು ತಪ್ಪಿತಸ್ಥ. ಹಾಜರಾತಿ ಹಾಕಿ, ದೂರು ಕೊಡಿ.

ನಮ್ಮ ಸರ್ಕಾರದ ಬಾಗಿಲುಗಳೂ ಇವೆ. ದುಬೈಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ 80046342. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ಅಲ್ಲಿಂದ ನೀವೂ, ಇಲ್ಲಿಂದ ಮನೆಯವರೂ ದೂರು ದಾಖಲಿಸಬಹುದು. ದೂತಾವಾಸಗಳಲ್ಲಿ ಓಪನ್ ಹೌಸ್ ದಿನ ಅಧಿಕಾರಿಯನ್ನು ನೇರ ಕಾಣಬಹುದು. ಊಟ, ವಸತಿ, ಟಿಕೆಟ್ಟಿಗೂ ಗತಿಯಿಲ್ಲದವರಿಗಾಗಿ 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಸ್ಥಾಪನೆಯಾಗಿದೆ. ದೂತಾವಾಸದಲ್ಲಿ ಹೆಸರು ಹೇಳಿ ಕೇಳಿ. ನಮ್ಮವರ ಸಂಘಗಳನ್ನೂ ಮರೆಯಬೇಡಿ. ಬಹರೈನ್‌ನ ಕನ್ನಡ ಸಂಘ, ಕುವೈತಿನ ತುಳುಕೂಟದಂಥವು ವಾರ್ಷಿಕೋತ್ಸವಕ್ಕೆ ಮಾತ್ರ ಇರುವುದಲ್ಲ. 2009ರಲ್ಲಿ ನನಗೆ ಎರಡನೇ ಕೆಲಸ ಸಿಕ್ಕಿದ್ದು ಸಂಘದಲ್ಲಿ ಪರಿಚಯವಾದ ಬೈಂದೂರಿನವರೊಬ್ಬರ ಮಾತಿನಿಂದ.

ಕೇಸು ಮುಗಿಯುವ ತನಕ ಅಲ್ಲಿ ಇರಲಾಗದಿದ್ದರೆ, ನಂಬುಗೆಯವರ ಹೆಸರಿಗೆ ಅಧಿಕಾರ ಪತ್ರ ಮಾಡಿಸಿ, ನೋಂದಾಯಿಸಿ ಬನ್ನಿ. ಊರಿಗೆ ಬಂದ ಮೇಲೆ ಅದನ್ನು ಮಾಡಿಸುವುದು ಎರಡು ಪಟ್ಟು ಓಡಾಟ.

ಏಳನೆಯದು: ವೀಸಾದ ದಿನಗಳು

ಯುಎಇಯಲ್ಲಿ ವೀಸಾ ಕ್ಯಾನ್ಸಲ್ ಆದ ಮೇಲೆ ಉಳಿಯಲು ಕೊಡುವ ದಿನ ವೀಸಾದ ವರ್ಗಕ್ಕೆ ತಕ್ಕಂತೆ 30ರಿಂದ 180ರ ತನಕ. ಕ್ಯಾನ್ಸಲೇಶನ್ ಕಾಗದದಲ್ಲಿ ಯಾವ ದಿನಾಂಕ ಇದೆಯೋ ಅದನ್ನೇ ನಂಬಿ. ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ. ಹೆಂಡತಿ ಮಕ್ಕಳ ವೀಸಾ ನಿಮ್ಮದರ ಮೇಲೆ ನಿಂತಿದ್ದರೆ ಅವರದನ್ನೂ ನೋಡಿಕೊಳ್ಳಬೇಕು. ಹೆಂಡತಿಗೆ ಕೆಲಸವಿದ್ದರೆ ಅವಳ ಪ್ರಾಯೋಜಕತ್ವಕ್ಕೆ ಬದಲಾಗುವ ದಾರಿಯನ್ನು ಮೊದಲೇ ವಿಚಾರಿಸಿ. ಸೌದಿಯಲ್ಲಿ 2021ರ ಮಾರ್ಚಿನ ಸುಧಾರಣೆಯ ನಂತರ, ಸಂಬಳ ಸತತ ಮೂರು ತಿಂಗಳು ಬಾರದಿದ್ದರೆ ಅಥವಾ ಇಖಾಮಾ ಮುಗಿದಿದ್ದರೆ, ಕಫೀಲನ, ಅಂದರೆ ವೀಸಾ ಕೊಟ್ಟ ಮಾಲೀಕನ, ಒಪ್ಪಿಗೆಯಿಲ್ಲದೆ ಬೇರೆ ಕಂಪನಿಗೆ ಹೋಗಲು ಕಿವಾದಲ್ಲಿ ದಾರಿ ಇದೆ. ಕತಾರಿನಲ್ಲಿಯೂ 2020ರಿಂದ ಎನ್‌ಒಸಿ, ಅಂದರೆ ಹಳೆಯ ಕಂಪನಿಯ ಒಪ್ಪಿಗೆ ಪತ್ರ, ಬೇಕಿಲ್ಲ.

ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿರುವ ನಮ್ಮ ಮಕ್ಕಳಿಗೂ ಈ ಚಿಂತೆ ಇದೆ. ಅವರಿಗೆ ಕೆಲಸದ ಕೊನೆಯ ದಿನದಿಂದ ಗರಿಷ್ಠ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಅರ್ಜಿ, ಇಲ್ಲವೇ ಹೊರಡಬೇಕು. ಅವಧಿಗೆ ಮೊದಲು ಕಂಪನಿ ತೆಗೆದರೆ ಊರಿಗೆ ಮರಳುವ ಪ್ರಯಾಣದ ಖರ್ಚು ಕಂಪನಿಯದು. ಇದನ್ನು ಕೇಳುವವರು ಕಡಿಮೆ.

ಹೊಸ ಕೆಲಸದ ಆತುರದಲ್ಲಿರುವವನನ್ನೇ ಮೋಸಗಾರರು ಹುಡುಕುತ್ತಾರೆ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಪರಾಧ, ಯಾರು ಏನೇ ಭರವಸೆ ಕೊಡಲಿ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ಕರೆದು ಮ್ಯಾನ್ಮಾರ್, ಕಾಂಬೋಡಿಯಾದ ಸೈಬರ್ ವಂಚನೆಯ ಕೂಟಗಳಿಗೆ ತಳ್ಳಿದ ಪ್ರಕರಣಗಳಲ್ಲಿ ಭಾರತೀಯರು ಬಹಳ ಮಂದಿ ಸಿಲುಕಿದ್ದಾರೆ. ಇಲ್ಲಿಂದ ಮತ್ತೆ ಹೋಗುವುದಾದರೆ ಏಜೆಂಟರ ಹೆಸರು ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯೇ ನೋಡಿ. ಕಾನೂನಿನಂತೆ ಅವರು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅಷ್ಟೆ.

ಎಂಟನೆಯದು: ವಿಮಾನ ಹತ್ತುವ ಮೊದಲು

ಸೇವಾ ಪತ್ರದ ಮೂಲ ಪ್ರತಿ. ಅಲ್ಲಿನ ಪೊಲೀಸ್ ಕ್ಲಿಯರೆನ್ಸ್, ಮುಂದೆ ಬೇರೆ ದೇಶಕ್ಕೆ ಹೋಗುವವರಿಗೆ ಬೇಕು. ನರ್ಸುಗಳಿಗೆ ಅಲ್ಲಿನ ಆರೋಗ್ಯ ಇಲಾಖೆಯ ಗುಡ್ ಸ್ಟ್ಯಾಂಡಿಂಗ್ ಪತ್ರ. ಮಕ್ಕಳ ಟಿಸಿಗೆ ಯಾರ ಮುದ್ರೆ ಬೇಕೆಂದು ಇಲ್ಲಿ ಸೇರಿಸುವ ಶಾಲೆಯನ್ನು ಮೊದಲೇ ಕೇಳಿ. ಬಾಡಿಗೆ ಮನೆಯ ಕರೆಂಟ್, ನೀರಿನ ಠೇವಣಿ ವಾಪಸ್. ಬ್ಯಾಂಕ್ ಖಾತೆ ಮುಚ್ಚುವುದು ಕೊನೆಗೆ, ಸೆಟ್ಲ್‌ಮೆಂಟ್ ಬಿದ್ದ ಮೇಲೆ. ಅಲ್ಲಿನ ಮೊಬೈಲ್ ನಂಬರನ್ನು ಕೆಲವು ತಿಂಗಳು ಜೀವಂತ ಇಡಿ, ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು.

ಒಂಬತ್ತನೆಯದು: ಊರಿನಲ್ಲಿ ಮೊದಲ ಮೂರು ತಿಂಗಳು

ಇನ್ನು ಹೋಗುವುದಿಲ್ಲ ಎಂದು ನಿಶ್ಚಯಿಸಿ ಬಂದವರು ಬ್ಯಾಂಕಿಗೆ ತಿಳಿಸಬೇಕು. ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ನಿವಾಸಿ ಖಾತೆಗಳಾಗಿ ಬದಲಾಯಿಸಬೇಕು. ಎನ್‌ಆರ್‌ಇಯ ಬಡ್ಡಿಗೆ ಇದ್ದ ತೆರಿಗೆ ವಿನಾಯಿತಿ ಆಮೇಲೆ ಇಲ್ಲ. ವಿದೇಶಿ ಹಣವನ್ನು ಹಾಗೆಯೇ ಇಡಬೇಕೆಂದಿದ್ದರೆ ಮರಳಿದವರಿಗಾಗಿಯೇ ಇರುವ ಆರ್‌ಎಫ್‌ಸಿ ಖಾತೆ ಕೇಳಿ. ಎಫ್‌ಸಿಎನ್‌ಆರ್ ಎಂಬ ವಿದೇಶಿ ಹಣದ ಠೇವಣಿ ಅವಧಿ ಮುಗಿಯುವ ತನಕ ಅದೇ ಬಡ್ಡಿಯಲ್ಲಿ ಮುಂದುವರಿಯುತ್ತದೆ. ತೆರಿಗೆಯಲ್ಲಿ ಬಹಳ ವರ್ಷ ಹೊರಗಿದ್ದವರಿಗೆ "ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ" ಎಂಬ ಮಧ್ಯದ ಸ್ಥಾನ ಇದೆ. ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರಿಗೆ, ಇಲ್ಲವೇ ಹಿಂದಿನ ಏಳು ವರ್ಷದಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಇಲ್ಲಿ ಇರದವರಿಗೆ ಅದು ಸಿಗುತ್ತದೆ. ಒಮ್ಮೆ ಲೆಕ್ಕಪರಿಶೋಧಕರ ಹತ್ತಿರ ಕೂತು ಮಾತಾಡಿ, ಅವರ ಫೀಸಿನ ಎಷ್ಟೋ ಪಟ್ಟು ಉಳಿಯುತ್ತದೆ.

ಕಂಪನಿಯ ಆರೋಗ್ಯ ವಿಮೆ ವೀಸಾದ ಜೊತೆಗೇ ಹೋಗಿರುತ್ತದೆ. ಮನೆಯವರೆಲ್ಲರಿಗೂ ಇಲ್ಲಿನ ವಿಮೆ ಮೊದಲ ವಾರವೇ ಮಾಡಿಸಿ. ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ, ಅದು ಆದಷ್ಟು ಬೇಗ ಶುರುವಾಗಲಿ. ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ತೆಗೆದು ನೋಡಿ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು.

ಸೆಟ್ಲ್‌ಮೆಂಟ್ ಹಣದ ಬಗ್ಗೆ ನನ್ನ ಗಟ್ಟಿ ಸಲಹೆ: ಆರು ತಿಂಗಳು ಯಾವ ವ್ಯಾಪಾರಕ್ಕೂ ಹಾಕಬೇಡಿ. ಬಂದ ತಿಂಗಳಲ್ಲೇ ಮನೆ ಬಾಗಿಲಿಗೆ ಪಾಲುದಾರರು ಬರುತ್ತಾರೆ. ಹೋಟೆಲ್, ಸೂಪರ್ ಮಾರ್ಕೆಟ್, ಜಾಗದ ವ್ಯವಹಾರ. ಊರು ಬಿಟ್ಟು ಹದಿನೈದು ವರ್ಷವಾದವನಿಗೆ ಇಲ್ಲಿನ ಬಾಡಿಗೆ ಗೊತ್ತಿಲ್ಲ, ಸಂಬಳ ಗೊತ್ತಿಲ್ಲ, ಮಳೆಗಾಲದ ನಾಲ್ಕು ತಿಂಗಳು ಗಿರಾಕಿ ಎಷ್ಟು ಇಳಿಯುತ್ತಾರೆಂದು ಗೊತ್ತಿಲ್ಲ. ಹಣವನ್ನು ಠೇವಣಿಯಲ್ಲಿಟ್ಟು, ಮಾಡಬೇಕೆಂದಿರುವ ವ್ಯಾಪಾರದಲ್ಲಿ ಬೇರೆಯವರ ಕೈಕೆಳಗೆ ಮೂರು ತಿಂಗಳು ದುಡಿಯಿರಿ. ಎಲೆಕ್ಟ್ರಿಷಿಯನ್, ಎಸಿ ಮೆಕ್ಯಾನಿಕ್, ವೆಲ್ಡರ್, ಫೋರ್‌ಮನ್ ಆಗಿದ್ದವರು ಸೇವಾ ಪತ್ರ ಹಿಡಿದು ಬೈಕಂಪಾಡಿಯ ಕೈಗಾರಿಕಾ ಪ್ರದೇಶವನ್ನು ಒಮ್ಮೆ ಸುತ್ತಿ ಬನ್ನಿ. ಸಂಬಳ ಗಲ್ಫಿನಷ್ಟಿಲ್ಲ. ರಾತ್ರಿ ಮನೆಯಲ್ಲಿ ಊಟ.

ಸ್ವಂತ ಉದ್ಯೋಗ ಎಂದಾದರೆ ಮೊದಲು ತರಬೇತಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ. ಉಡುಪಿಯವರಿಗೆ ಬ್ರಹ್ಮಾವರದಲ್ಲೇ ಇದೆ. ವಯಸ್ಸಿನ ಮಿತಿ, ಮುಂದಿನ ತರಬೇತಿಯ ದಿನಾಂಕ ಫೋನ್ ಮಾಡಿ ಕೇಳಿ. ಸಾಲಕ್ಕೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ ಇದೆ. ತಯಾರಿಕೆಯ ಯೋಜನೆಗೆ 50 ಲಕ್ಷ, ಸೇವೆಯದಕ್ಕೆ 20 ಲಕ್ಷ ರೂಪಾಯಿ ತನಕ, ವರ್ಗ ಮತ್ತು ಜಾಗಕ್ಕೆ ತಕ್ಕಂತೆ 15ರಿಂದ 35 ಶೇಕಡಾ ಸಬ್ಸಿಡಿ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಕೇರಳದಲ್ಲಿ ಮರಳಿದವರಿಗಾಗಿ ನೋರ್ಕಾ ಎಂಬ ಸಂಸ್ಥೆ ಪ್ರತ್ಯೇಕ ಸಾಲ ಯೋಜನೆಯನ್ನೇ ನಡೆಸುತ್ತದೆ. ನಮ್ಮ ರಾಜ್ಯದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಕೇರಳ ಗಡಿಯ ತಲಪಾಡಿ ದಾಟಿದರೆ ಸಿಗುವ ನೆರವು ಈಚೆ ಬದಿಯಲ್ಲೂ ಸಿಗಬೇಕೆಂದು ನಮ್ಮ ಶಾಸಕರನ್ನು ಕೇಳುವುದು ನಮ್ಮೆಲ್ಲರ ಕೆಲಸ.

ಬಂದವನು ನಿದ್ದೆ ಬಿಟ್ಟರೆ, ಮಾತು ಬಿಟ್ಟರೆ, ಕುಡಿತ ಹೆಚ್ಚಿದರೆ ಮನೆಯವರು ಸುಮ್ಮನಿರಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಇಲ್ಲ.

ಅಕ್ಕನ ಮಗ ನಿನ್ನೆ ಮತ್ತೆ ಫೋನ್ ಮಾಡಿದ. ಬೇಸಿಕ್ 1,800, ಆರು ವರ್ಷ ಎರಡು ತಿಂಗಳು, ಬಾಕಿ ರಜೆ 41 ದಿನ. ಕಾಗದವೆಲ್ಲ ಕೂಡಿಸಿದ್ದಾನೆ. "ಅವಳಿಗೆ ಹೇಳಿದೆ ಮಾವ" ಎಂದ. ಅವಳು ಎಂತ ಹೇಳಿದಳು ಎಂದು ಕೇಳಿದೆ. "ಅವಳಿಗೆ ಒಂದು ತಿಂಗಳಿಂದ ಗೊತ್ತಿತ್ತಂತೆ. ನಾನು ಯಾವಾಗ ಹೇಳ್ತೇನೆ ಅಂತ ಕಾಯ್ತಾ ಇದ್ದಳಂತೆ."